ತಿನ್ನಲು ತಕ್ಕ ಪೊರೆ: ಹಣ್ಣು ತರಕಾರಿಗಳ ರಕ್ಷಣೆಗೊಂದು ಉಪಾಯ



ಧರ್ಮಪುರಿ ಜಿಲ್ಲೆಯ ಪಾಲಕ್ಕೋಡಿನ ಸುತ್ತಿನಲ್ಲಿ ಟೊಮೆಟೊ ಬೆಳೆಯುವವರ ಕಷ್ಟವನ್ನು ನಾವೆಲ್ಲರೂ ಬಲ್ಲೆವು. ಬೆಲೆ ಕುಸಿದ ದಿನಗಳಲ್ಲಿ ಬೆವರು ಸುರಿಸಿ ಬೆಳೆದುದನ್ನು ರಸ್ತೆಯ ಬದಿಗೆ ಸುರಿಯಬೇಕಾಗುತ್ತದೆ. ಒಳ್ಳೆಯ ಬೆಲೆ ಬರುವವರೆಗೆ ರೈತನು ಕಾಯಬಲ್ಲನು, ಹಣ್ಣು ಕಾಯಲಾರದು. ಸೇಲಂ ಮಾವಿನ ಕಥೆಯೂ ಇದೇ.

ಹಣ್ಣು ಏಕೆ ಕೆಡುತ್ತದೆ? ಗಿಡದಿಂದ ಕಿತ್ತ ಮೇಲೂ ಅದು ಉಸಿರಾಡುತ್ತದೆ. ಆಮ್ಲಜನಕವನ್ನು ಹೀರಿ, ತನ್ನ ಸಾರವನ್ನು ತಾನೇ ವ್ಯಯಮಾಡುತ್ತದೆ. ಅದರ ನೀರಿನಂಶ ಆರಿಹೋಗುತ್ತದೆ. ಸಿಪ್ಪೆಯ ಮೇಲೆ ಕುಳಿತ ಬೂಷ್ಟು, ಬ್ಯಾಕ್ಟೀರಿಯಗಳು ಸಣ್ಣ ಗಾಯ ದೊರೆತರೂ ಒಳಹೊಗುತ್ತವೆ. ಈ ಮೂರನ್ನೂ ಒಂದೇ ಹೊದಿಕೆಯಿಂದ ತಡೆಯಬಹುದೇ ಎಂಬ ಆಲೋಚನೆಯಿಂದ ವಿಜ್ಞಾನಿಗಳು ತಿನ್ನಲು ತಕ್ಕ ಪೊರೆಗಳನ್ನು ರೂಪಿಸುತ್ತಿದ್ದಾರೆ.

ಇದರ ಮೂಲದ್ರವ್ಯ ನಮ್ಮ ಮನೆಯ ಬಾಗಿಲಲ್ಲೇ ಇದೆ. ಸೇಲಂ ಜಿಲ್ಲೆ ಮರಗೆಣಸಿನ ಪಿಷ್ಟಕ್ಕೂ ಸಬ್ಬಕ್ಕಿಗೂ ಹೆಸರಾಗಿದೆ. 1981ರಲ್ಲಿ ಇಲ್ಲಿನ ತಯಾರಕರಿಗಾಗಿ 'ಸಾಗೋಸರ್ವ್' ಸಹಕಾರ ಸಂಘ ಸ್ಥಾಪಿತವಾಯಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತಾಯಂದಿರು ಸಬ್ಬಕ್ಕಿಯನ್ನು ಬೇಯಿಸಿ, ಆ ಗಂಜಿಯನ್ನು ಬಟ್ಟೆಯ ಮೇಲೆ ಹರಡಿ ಸಂಡಿಗೆ ಒಣಗಿಸುವುದನ್ನು ಮಕ್ಕಳು ಕಂಡಿದ್ದೀರಿ. ಪೊರೆಯ ತತ್ತ್ವವೂ ಅದೇ. ಪಿಷ್ಟವನ್ನು ನೀರಿನಲ್ಲಿ ಕಾಯಿಸಿ ಗಂಜಿ ಮಾಡಿ, ಮುರಿಯದಿರಲೆಂದು ಸ್ವಲ್ಪ ಗ್ಲಿಸರಿನ್ ಬೆರೆಸಿ, ತೆಳುವಾಗಿ ಹರಡಿ ಒಣಗಿಸಿದರೆ ಬಾಗುವ, ಪಾರದರ್ಶಕವಾದ ಹಾಳೆ ದೊರೆಯುತ್ತದೆ. ಇಡೀ ಹಣ್ಣನ್ನು ಆ ದ್ರವದಲ್ಲೇ ಅದ್ದಿ ತೆಗೆದು ಆರಿಸುವುದೂ ಉಂಟು.

ಈ ಗಂಜಿಗೆ ಲವಂಗದೆಣ್ಣೆಯನ್ನು ಕೆಲವು ಹನಿ ಸೇರಿಸಿದರೆ ಅದರಲ್ಲಿರುವ ಯೂಜಿನಾಲ್ ಸೂಕ್ಷ್ಮಜೀವಿಗಳ ಕೋಶದ ಹೊದಿಕೆಯನ್ನು ಕೆಡಿಸಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಪೊರೆಯು ಅದನ್ನು ಹಿಡಿದಿಟ್ಟುಕೊಂಡು, ಕೆಡುಕು ಆರಂಭವಾಗುವ ಮೇಲ್ಮೈಯಲ್ಲೇ ಮೆಲ್ಲಮೆಲ್ಲನೆ ಬಿಡುತ್ತದೆ. ಸಿಗಡಿಯ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವಿಗಂತೂ ಪೊರೆಯಾಗುವ ಗುಣವೂ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವೂ ಒಟ್ಟಿಗೇ ಇವೆ.

ಆದರೆ ಇದು ಮಾಯಾಮಂತ್ರವಲ್ಲ. ಕೊಳೆತ ಹಣ್ಣನ್ನು ಯಾವ ಪೊರೆಯೂ ಎಳೆಯದು ಮಾಡಲಾರದು. ಪೊರೆ ಅತಿ ದಪ್ಪವಾದರೆ ಹಣ್ಣಿಗೆ ಉಸಿರುಕಟ್ಟಿ ಹುಳಿವಾಸನೆ ಬರುವುದು. ಎಣ್ಣೆ ಹೆಚ್ಚಾದರೆ ಹಣ್ಣಿನ ರುಚಿಯೇ ಮರೆಯಾಗುವುದು. ಪಿಷ್ಟದ ಪೊರೆ ತೇವವನ್ನು ಹೀರಿ ಮೆತ್ತಗಾಗುವುದರಿಂದ ಜೇನುಮೇಣದಂಥವನ್ನು ಬೆರೆಸಬೇಕಾಗುವುದು. ತಿನ್ನುವ ವಸ್ತುವಾದುದರಿಂದ, ಆಹಾರ ಸುರಕ್ಷತೆಯ ನಿಯಮ ಒಪ್ಪಿದ ಪದಾರ್ಥಗಳನ್ನೇ ಒಪ್ಪಿದಷ್ಟೇ ಬಳಸತಕ್ಕದ್ದು.

ಗೆಣಸು ಒಂದು ಹೊಲದಲ್ಲಿ, ಟೊಮೆಟೊ ಪಕ್ಕದ ಹೊಲದಲ್ಲಿ ಬೆಳೆಯುವ ನಾಡು ನಮ್ಮದು. ಒಂದರ ಪಿಷ್ಟ ಇನ್ನೊಂದಕ್ಕೆ ಅಂಗಿಯಾದರೆ ಇಬ್ಬರು ರೈತರಿಗೂ ಲಾಭ. ಆಹಾರ ತಂತ್ರಜ್ಞಾನದ ಸಂಶೋಧನೆಗಾಗಿ 1950ರಲ್ಲಿ ಆರಂಭವಾದ ಕೇಂದ್ರ ಸಂಸ್ಥೆ ಮೈಸೂರಿನಲ್ಲಿಯೇ ಇದೆ. ಅಲ್ಲಿಗೆ ಹೋಗಿ ಕಲಿಯುವವರು ನಮ್ಮ ಶಾಲೆಗಳಿಂದ ಹೊರಡಲಿ. ಅದಕ್ಕೆ ಮೊದಲ ಹೆಜ್ಜೆಯಾಗಿ, ಉಪಾಧ್ಯಾಯರ ಸಮ್ಮುಖದಲ್ಲಿ ಪೊರೆ ಹೊದಿಸಿದ ಟೊಮೆಟೊ ಒಂದನ್ನೂ ಹೊದಿಸದ ಒಂದನ್ನೂ ಪಕ್ಕಪಕ್ಕದಲ್ಲಿಟ್ಟು, ತಿನ್ನದೆ, ದಿನವೂ ತೂಗಿ ಬರೆದಿಡಿರಿ. ತಾಯ್ನುಡಿಯಲ್ಲಿ ಬರೆದ ಆ ಲೆಕ್ಕವೇ ನಿಮ್ಮ ಮೊದಲ ಸಂಶೋಧನೆ.