ಕಂಡುದನ್ನು ಬರೆದಿಡುವ ವ್ರತ

ಪಂಡಿತನೆಂದು ತಾವು ಕರೆಯುವ ನಾನು ಇಂದು ಶಾಸ್ತ್ರವಿಚಾರವನ್ನು ಬಿಟ್ಟು ನನ್ನದೇ ಒಂದು ತಪ್ಪಿನಿಂದ ಆರಂಭಿಸುವುದನ್ನು ಮನ್ನಿಸಬೇಕು.

ಪಾಠಶಾಲೆಯಲ್ಲಿ ಕಾವ್ಯಗಳನ್ನು ಕಲಿತು, ಇಪ್ಪತ್ತೈದು ವರ್ಷ ಅವನ್ನೇ ಕಲಿಸಿದವನು ನಾನು. ವಸಂತವರ್ಣನೆಯು ಬಂದಾಗಲೆಲ್ಲ, ಮಾವಿನ ತಳಿರನ್ನು ಮೆಲಿದು ಹೆಣ್ಣು ಕೋಗಿಲೆಯು ಇಂಪಾಗಿ ಹಾಡುವುದೆಂದು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದೆನು. ಕೆಲವು ವರ್ಷಗಳ ಕೆಳಗೆ ಹಲಸೂರಿನ ಭಕ್ತರೊಬ್ಬರ ಮನೆಗೆ ಹೋಗಿದ್ದಾಗ, ಅವರ ಹತ್ತು ವರ್ಷದ ಮಗಳು ನನ್ನನ್ನು ಕೆರೆಯ ದಂಡೆಗೆ ಕರೆದೊಯ್ದು ತನ್ನ ಪುಸ್ತಕವನ್ನು ತೆರೆದಳು. "ಗುರುಗಳೇ, ಹಾಡುವುದು ಈ ಕರಿಯ ಹಕ್ಕಿ, ಇದು ಗಂಡು. ಹೆಣ್ಣಿನ ಕಂದು ಮೈಮೇಲೆ ಬಿಳಿಯ ಚುಕ್ಕೆಗಳಿವೆ. ಅದು ಕಿಕ್ ಕಿಕ್ ಎಂದು ಕೂಗಿ ಹಾರಿಹೋಗುತ್ತದೆ. ಮೂರು ಭಾನುವಾರ ನೋಡಿ ಬರೆದಿದ್ದೇನೆ" ಎಂದಳು. ಅವಳು ಹೇಳಿದುದೇ ನಿಜ. ದಿನವೂ ತಲೆಯ ಮೇಲೆ ಕೂಗುತ್ತಿದ್ದ ಹಕ್ಕಿಯನ್ನು ನಾನು ಒಮ್ಮೆಯಾದರೂ ತಲೆಯೆತ್ತಿ ನೋಡಿರಲಿಲ್ಲ.

ಆ ಬಾಲಕಿಯು ಸೇರಿದ್ದುದು ಒಂದು ಸಣ್ಣ ಕೂಟ. ಶಿವಾಜಿನಗರ, ಹಲಸೂರು, ಕೃಷ್ಣರಾಜಪುರಗಳಿಂದ ಎಂಟು ಹತ್ತು ಮಂದಿ ಹಿರಿಯರೂ ಕಿರಿಯರೂ ಭಾನುವಾರ ಬೆಳಗ್ಗೆ ಕೂಡುವರು. ಅಲ್ಲಿ ಅಧ್ಯಾಪಕರಿಲ್ಲ, ಪರೀಕ್ಷೆಯಿಲ್ಲ. ಒಂದು ಮರವನ್ನೋ ಹಕ್ಕಿಯನ್ನೋ ಕಾಲು ಗಂಟೆ ಮೌನವಾಗಿ ನೋಡುವರು. ಬಳಿಕ ಕಣ್ಣು ಮುಚ್ಚಿ ಅದರ ರೂಪವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವರು. ಮತ್ತೆ ಕಣ್ದೆರೆದು, ಕಲ್ಪಿಸಿದುದರಲ್ಲಿ ಏನು ತಪ್ಪಿತೆಂದು ತಿದ್ದಿಕೊಳ್ಳುವರು. ಪುಸ್ತಕದ ಎಡಪುಟದಲ್ಲಿ ಕಂಡುದು, ಬಲಪುಟದಲ್ಲಿ ಊಹಿಸಿದುದು. ಮೇಲೆ ದಿನ, ಗಂಟೆ, ಬಿಸಿಲು ಮೋಡಗಳ ಸ್ಥಿತಿ. ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವುಳ್ಳ ನಮಗೆ ಇದರ ಕಷ್ಟವೂ ಫಲವೂ ಹೊಸತಲ್ಲ.

ಕೊನೆಗೆ ಎಲ್ಲರೂ ತಮ್ಮ ಬರಹವನ್ನು ಓದಿ ಹೇಳುವರು. ದಂಡಿನ ಬೀದಿಗಳ ಮಳೆಮರದ ಎಲೆಗಳು ಸಂಜೆಗೆ ಮಡಚಿಕೊಳ್ಳುವುವೆಂದು ಒಬ್ಬರು ಬರೆದಿದ್ದರು. ಮಧ್ಯಾಹ್ನವೇ ಮಡಚಿದುವೆಂದು ಇನ್ನೊಬ್ಬರು. ಎರಡು ಪುಸ್ತಕಗಳನ್ನೂ ಕೂಡಿಸಿ ನೋಡಲು, ಆ ಮಧ್ಯಾಹ್ನ ಕಾರ್ಮೋಡ ಕವಿದಿದ್ದಿತು. ಬೆಳಕು ಕುಂದಿದುದೇ ಕಾರಣವೆಂದು ತಿಳಿಯಿತು. ಇಬ್ಬರೂ ಸರಿಯಾಗಿಯೇ ಕಂಡಿದ್ದರು. ಒಬ್ಬರ ಅನುಭವವು ಮತ್ತೊಬ್ಬರದರಿಂದ ಪೂರ್ಣವಾಗಲೆಂದೇ ಅಲ್ಲವೆ ನಮ್ಮ ಹಿರಿಯರು ಕಲ್ಯಾಣದಲ್ಲಿ ಅನುಭವಗೋಷ್ಠಿಗಳನ್ನು ನಡೆಸಿದುದು?

ಈ ಮಾರ್ಗವು ಬೆಂಗಳೂರಿಗೆ ಅಪರಿಚಿತವಲ್ಲ. ಡಾ. ಜೋಸೆಫ್ ಜಾರ್ಜ್ ಅವರೂ ಅವರ ಸಂಗಡಿಗರೂ 1970ರ ದಶಕದ ಆದಿಯಿಂದ ಪಕ್ಷಿವೀಕ್ಷಕರ ಕೂಟವೊಂದನ್ನು ನಡೆಸಿ, ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪದ್ಧತಿಯನ್ನು ಬೆಳೆಸಿದರು. ಹಲವರ ಟಿಪ್ಪಣಿಗಳು ಕೂಡಿ 1994ರಲ್ಲಿ ಬೆಂಗಳೂರಿನ ಪಕ್ಷಿಗಳ ಸಟೀಕ ಪಟ್ಟಿಯು ಪುಸ್ತಕರೂಪದಲ್ಲಿ ಹೊರಬಂದಿತು. ಬಿಡುವಿನ ಬೆಳಗುಗಳಲ್ಲಿ ಬರೆದ ಸಾಲುಗಳು ಹೀಗೆ ಊರಿನ ಸೊತ್ತಾದುವು.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಹಲಸೂರು ಕೆರೆಯನ್ನೇ ತೋರಿಸುವೆನು. 2016ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಆ ದಿನ ಊರೆಲ್ಲವೂ ನೋಡಿ ಮರುಗಿತು. ಆದರೆ ಚರಂಡಿಯ ನೀರು ಸೇರಿ ಕೆರೆಯು ಕೆಡುವುದು ಒಂದು ದಿನದ ಕೆಲಸವಲ್ಲ. ನೀರಿನ ಬಣ್ಣ, ವಾಸನೆ, ಉಸಿರಿಗಾಗಿ ಮೇಲೇಳುವ ಮೀನು, ಇವೆಲ್ಲ ಮೊದಲೇ ಸೂಚನೆ ಕೊಡುವುವು. ದಿನವೂ ಅದೇ ದಂಡೆಯಲ್ಲಿ ನಡೆಯುವ ನಾವು ಅದನ್ನು ಕಂಡು ಬರೆದಿಡದಿದ್ದರೆ, ಮೊರೆಯಿಡುವ ಹೊತ್ತಿಗೆ ನಮ್ಮ ಕೈಯಲ್ಲಿ ಆಧಾರವೇನಿರುವುದು?

ನಾನು ಹಿಂದಿರುಗಿದ ಮರುದಿನವೇ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ಅಂದಿನಿಂದ ನಮ್ಮ ವಿದ್ಯಾರ್ಥಿಗಳು ವಸಂತವರ್ಣನೆಯನ್ನು ಓದುವ ಮುನ್ನ ಅಂಗಳಕ್ಕೆ ಹೋಗಿ ಬರುವರು. ಭಕ್ತರಾದ ತಾವೂ ಮನೆಗೊಂದು ಪುಸ್ತಕವನ್ನಿಟ್ಟು, ಮಕ್ಕಳೊಡನೆ ವಾರಕ್ಕೊಮ್ಮೆ ಒಂದು ಮರದ ಕೆಳಗೆ ಕುಳಿತು, ಕಂಡುದನ್ನು ಕಂಡಂತೆ ಬರೆಯಬೇಕೆಂದು ಪ್ರಾರ್ಥಿಸುವೆನು.