ಡಿಂಗನಿಗೂ ಮೊಬೈಲ್ ಬೇಕು

ಮಕ್ಕಳ ಪತ್ರಿಕೆ ಬಾಲಮಂಗಳ ಓದಿ ಬೆಳೆದ ಅಪ್ಪ ಅಮ್ಮಂದಿರಿಗೆ ಅದರ ಚಿತ್ರಕಥೆಯ ಡಿಂಗ ಚೆನ್ನಾಗಿ ಗೊತ್ತು. ಇಲಿಯಾದರೂ ಆಕಾಶದಲ್ಲಿ ಹಾರುವ ಶೂರ. ಕಷ್ಟದಲ್ಲಿರುವವರು ಕೂಗಿದರೆ ಸಾಕು, ಹಾಜರ್! ಅವನ ವೇಗ ಎಷ್ಟಿರಬಹುದು? ಲೆಕ್ಕ ಹಾಕಿಯೇ ಬಿಡೋಣ. ನಗಬೇಡಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕಕಾಲಿಯೋಸ್ ಎಂಬ ಮೇಷ್ಟ್ರು ಕಾಮಿಕ್ಸ್ ವೀರರನ್ನೇ ಇಟ್ಟುಕೊಂಡು ಭೌತವಿಜ್ಞಾನದ ಪಾಠ ಮಾಡಿದ್ದಾರೆ.

ನಾವೇ ಒಂದು ಕಥೆ ಕಟ್ಟೋಣ. ಡಿಂಗ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮುರಿಯುತ್ತಾ ಕೂತಿದ್ದಾನೆ. ಅತ್ತ ಹರಿಹರದಲ್ಲಿ, ತುಂಗಭದ್ರೆಯ ದಡದ ಎತ್ತರದ ತೆಂಗಿನ ಮರದಿಂದ ಹುಡುಗನೊಬ್ಬ ಕೈಜಾರಿ ಬಿದ್ದ. ‘ಡಿಂಗಾ!’ ಮುಂದಿನ ಚಿತ್ರದಲ್ಲಿ ಹುಡುಗ ಡಿಂಗನ ಕೈಯಲ್ಲಿ ಕ್ಷೇಮ.

ವೇಗ ತಿಳಿಯಲು ದೂರ ಬೇಕು, ಕಾಲ ಬೇಕು. ದೂರ ಸುಲಭ: ಸುಮಾರು 14 ಕಿ.ಮೀ. ಕಾಲ? ಚಿತ್ರದಲ್ಲಿ ಗಡಿಯಾರವೇ ಇಲ್ಲವಲ್ಲ! ಇದೆ, ಬೀಳುತ್ತಿರುವ ಹುಡುಗನೇ ಗಡಿಯಾರ. ಭೂಮಿ ಎಲ್ಲರನ್ನೂ ಒಂದೇ ಲೆಕ್ಕದಲ್ಲಿ ಎಳೆಯುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ, ಬೀಳುವ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಇಳಿಯುತ್ತದೆ. ಎರಡು ಸೆಕೆಂಡಿಗೆ ಅದರ ಎರಡರಷ್ಟಲ್ಲ, ನಾಲ್ಕರಷ್ಟು: 19.6 ಮೀಟರ್. ಬೀಳಬೀಳುತ್ತಾ ವೇಗ ಏರುತ್ತಲೇ ಹೋಗುವುದರಿಂದ ಹೀಗೆ. ನಮ್ಮ ತೆಂಗಿನ ಮರ 20 ಮೀಟರ್ ಎಂದಿಟ್ಟುಕೊಂಡರೆ ಡಿಂಗನಿಗೆ ಸಿಕ್ಕಿದ್ದು ಎರಡೇ ಸೆಕೆಂಡು.

ಎರಡು ಸೆಕೆಂಡಿಗೆ 14 ಕಿ.ಮೀ., ಅಂದರೆ ಸೆಕೆಂಡಿಗೆ 7 ಕಿ.ಮೀ. ಗಂಟೆಗೆ 25,200! ಅದೇ ದಾರಿಗೆ ಅರ್ಧ ಗಂಟೆ ತೆಗೆದುಕೊಳ್ಳುವ ಬಸ್ಸಿನ ವೇಗ ಗಂಟೆಗೆ 28 ಕಿ.ಮೀ. ಡಿಂಗನಿಗೆ ಸರಿಜೋಡಿ ಬೇಕಾದರೆ ತಲೆ ಎತ್ತಿ ನೋಡಬೇಕು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದೆ. ಆದರೆ ಅದು ಇರುವುದು ಸುಮಾರು 400 ಕಿ.ಮೀ. ಮೇಲೆ, ಗಾಳಿ ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾಗಿರುವಲ್ಲಿ. ಅಲ್ಲಿಂದ ಮರಳುವ ನೌಕೆ ನಮ್ಮ ದಟ್ಟ ಗಾಳಿಗೆ ನುಗ್ಗಿದಾಗ ಮುಂದಿನ ಗಾಳಿ ಅದುಮಿಕೊಂಡು ಕಾದು ಕೆಂಡದಂತಾಗುತ್ತದೆ. ಪಾಪ, ಡಿಂಗನ ಮೀಸೆಯ ಗತಿ!

ಇನ್ನೊಂದು ಫಜೀತಿ ಇದೆ. 7 ಕಿ.ಮೀ. ಎನ್ನುವುದು ಸರಾಸರಿ. ದೋಸೆ ತಟ್ಟೆಯ ಮುಂದೆ ಕೂತವನು ಸೊನ್ನೆಯಿಂದ ಹೊರಡಬೇಕು, ಹರಿಹರದಲ್ಲಿ ಮತ್ತೆ ಸೊನ್ನೆಗೆ ಬರಬೇಕು. ಒಂದು ಸೆಕೆಂಡು ಒಂದೇ ಸಮನೆ ವೇಗ ಏರಿಸಿ, ಇನ್ನೊಂದು ಸೆಕೆಂಡು ಇಳಿಸಿದರೆ, ನಡುದಾರಿಯಲ್ಲಿ ವೇಗ ಸೆಕೆಂಡಿಗೆ 14 ಕಿ.ಮೀ. ಮುಟ್ಟುತ್ತದೆ. ಭೂಮಿಯ ಸೆಳೆತ ತಪ್ಪಿಸಿಕೊಳ್ಳಲು 11.2 ಸಾಕು! ಆಗ ಅವನ ಮೈಮೇಲೆ ಬೀಳುವ ಬಲ ಅವನದೇ ತೂಕದ ಸುಮಾರು 1,400 ಪಟ್ಟು. ತರಬೇತಿ ಪಡೆದ ಯುದ್ಧವಿಮಾನದ ಪೈಲಟ್‌ಗಳಿಗೇ 9 ಪಟ್ಟು ಅಂದರೆ ಸಾಕುಸಾಕಾಗುತ್ತದೆ. ಹುಡುಗನನ್ನು ಹಿಡಿಯುವುದೂ ಹುಷಾರಾಗಿಯೇ. ನೆಲದ ಹತ್ತಿರ ಅವನು ಗಂಟೆಗೆ 70 ಕಿ.ಮೀ. ವೇಗದಲ್ಲಿರುತ್ತಾನೆ; ಗಕ್ಕನೆ ತಡೆದರೆ ನೆಲಕ್ಕೆ ಬಿದ್ದಷ್ಟೇ ಪೆಟ್ಟು. ಮೇಲೆಯೇ ಹಿಡಿದು, ಜೊತೆಗೇ ಇಳಿಯುತ್ತಾ ನಿಧಾನಿಸಬೇಕು.

ಇಷ್ಟೆಲ್ಲ ಆಯಿತು ಎನ್ನಿ. ಆದರೆ ಡಿಂಗನಿಗೆ ಕೂಗು ಕೇಳಿದ್ದು ಯಾವಾಗ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಷ್ಟು ದೂರ ಕೇಳಿಸಿತು ಎಂದೇ ಇಟ್ಟುಕೊಂಡರೂ ‘ಡಿಂಗಾ’ ದಾವಣಗೆರೆ ತಲುಪಲು 41 ಸೆಕೆಂಡು ಬೇಕು. ಬೀಳಲು ಎರಡೇ ಸೆಕೆಂಡು! ಹುಡುಗ ಮರ ಹತ್ತುತ್ತಿರುವಾಗಲೇ ಕೂಗಿಟ್ಟಿರಬೇಕು.

ಮೊಬೈಲ್ ಇದ್ದರೆ ಬೇರೆ ಮಾತು. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ, 14 ಕಿ.ಮೀ.ಗೆ ಸೆಕೆಂಡಿನ ಇಪ್ಪತ್ತು ಸಾವಿರದಲ್ಲೊಂದು ಭಾಗವೂ ಬೇಡ. ಆದರೆ ಬೀಳುತ್ತಾ ಬೀಳುತ್ತಾ ಹುಡುಗ ಹತ್ತು ಅಂಕಿ ಒತ್ತಿ ಮುಗಿಸಬೇಕಲ್ಲ!