ಕಂಡ ಸತ್ಯ, ನಂಬಿದ ಸುಳ್ಳು
(ಯುದ್ಧ ಮತ್ತು ಪತ್ರಿಕಾ ಧರ್ಮ ಕುರಿತ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಜಗತ್ತಿನ ಯಾವುದೋ ಮೂಲೆಯಲ್ಲಿ ಯುದ್ಧ ಆರಂಭವಾದ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆಂಬುದು ನಿಮಗೆಲ್ಲ ತಿಳಿದಿದೆ. ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತುಕೊಳ್ಳುತ್ತೇವೆ. ವರದಿಗಾರನೊಬ್ಬ ನಮಗೆ ಹಿತವಾದುದನ್ನು ಹೇಳಿದರೆ ‘ಇವನೊಬ್ಬನೇ ಸತ್ಯವಂತ’ ಎನ್ನುತ್ತೇವೆ. ಅಹಿತವಾದುದನ್ನು ಹೇಳಿದರೆ ‘ಯಾರಿಗೋ ಮಾರಿಕೊಂಡವನು’ ಎಂದು ತೀರ್ಪು ನೀಡಿ ಚಾನೆಲ್ ಬದಲಿಸುತ್ತೇವೆ. ಆತ ಎಲ್ಲಿ ನಿಂತು ಮಾತನಾಡುತ್ತಿದ್ದಾನೆ, ಆತನನ್ನು ಅಲ್ಲಿಗೆ ಕರೆದೊಯ್ದವರು ಯಾರು ಎಂದು ಕೇಳುವವರು ವಿರಳ. ಈ ಪ್ರಶ್ನೆಗಳನ್ನು ಏಕೆ ಕೇಳಬೇಕೆಂಬುದನ್ನು ಒಬ್ಬ ಪತ್ರಕರ್ತರ ಬದುಕಿನ ಮೂಲಕ ನಿಮ್ಮ ಮುಂದಿಡಲು ಬಯಸುತ್ತೇನೆ. ಅವರ ಹೆಸರು ವಿಲ್ಫ್ರೆಡ್ ಬರ್ಚೆಟ್. ಒಂದು ವರ್ಗಕ್ಕೆ ಅವರು ಶತಮಾನದ ಶ್ರೇಷ್ಠ ವರದಿಗಾರ, ಇನ್ನೊಂದು ವರ್ಗಕ್ಕೆ ದೇಶದ್ರೋಹಿ.

ಬರ್ಚೆಟ್ ಹುಟ್ಟಿದ್ದು 1911ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಯೌವನದಲ್ಲಿ ಬಡತನವನ್ನೂ ನಿರುದ್ಯೋಗವನ್ನೂ ಉಂಡವರು. 1938ರಲ್ಲಿ ಲಂಡನ್ನಿನ ಪ್ರವಾಸ ಸಂಸ್ಥೆಯೊಂದರಲ್ಲಿದ್ದಾಗ, ಹಿಟ್ಲರನ ಜರ್ಮನಿಯಿಂದ ಯಹೂದಿ ಕುಟುಂಬಗಳು ಪಾರಾಗಿ ಬರಲು ನೆರವಾದರು. ಎರಡನೆಯ ಮಹಾಯುದ್ಧದಲ್ಲಿ ಚೀನಾ, ಬರ್ಮಾ, ಭಾರತಗಳ ರಣರಂಗದಿಂದ ವರದಿ ಮಾಡಿದರು. ಆದರೆ ಅವರನ್ನು ಚರಿತ್ರೆಯಲ್ಲಿ ಉಳಿಸಿದ್ದು ಒಂದೇ ಒಂದು ವರದಿ.

1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಮಿಸ್ಸೌರಿ ಎಂಬ ಯುದ್ಧನೌಕೆಯ ಮೇಲೆ ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿತು. ಆ ಸಮಾರಂಭವನ್ನು ವರದಿ ಮಾಡಲು ನೂರಾರು ಪತ್ರಕರ್ತರು ನೆರೆದಿದ್ದರು. ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯ ಪ್ರತಿನಿಧಿಯಾಗಿದ್ದ ಬರ್ಚೆಟ್ ಅತ್ತ ಹೋಗಲಿಲ್ಲ. ಬೆರಳಚ್ಚು ಯಂತ್ರವೊಂದನ್ನು ಹಿಡಿದು, ಸೋತ ಜಪಾನೀ ಸೈನಿಕರಿಂದ ಕಿಕ್ಕಿರಿದಿದ್ದ ರೈಲು ಹತ್ತಿ, ಪರವಾನಗಿಯಿಲ್ಲದೆ ಒಬ್ಬರೇ ಹಿರೋಶಿಮಾಕ್ಕೆ ಹೊರಟರು. ಮರುದಿನ ಅಲ್ಲಿ ಇಳಿದಾಗ ನಗರವೇ ಇರಲಿಲ್ಲ. ಅವರು ನೇರ ಆಸ್ಪತ್ರೆಗೆ ಹೋದರು. ಬಾಂಬ್ ಬಿದ್ದು ನಾಲ್ಕು ವಾರಗಳು ಕಳೆದಿದ್ದರೂ ಜನ ಸಾಯುತ್ತಿದ್ದರು. ಮೈಮೇಲೆ ಒಂದು ಗಾಯವೂ ಇಲ್ಲದವರ ಕೂದಲು ಉದುರುತ್ತಿತ್ತು, ಮೂಗು ಬಾಯಿಗಳಿಂದ ರಕ್ತ ಒಸರುತ್ತಿತ್ತು. ವೈದ್ಯರಿಗೆ ಈ ರೋಗದ ಹೆಸರೂ ತಿಳಿದಿರಲಿಲ್ಲ. ಬರ್ಚೆಟ್ ಅದನ್ನು ‘ಅಣು ಪ್ಲೇಗ್’ ಎಂದು ಕರೆದರು. ಅವಶೇಷಗಳ ನಡುವೆ ಕಾಂಕ್ರೀಟ್ ತುಂಡೊಂದರ ಮೇಲೆ ಕುಳಿತು ಬರೆದ ಆ ವರದಿ ಸೆಪ್ಟೆಂಬರ್ 5ರಂದು ಜಗತ್ತಿಗೊಂದು ಎಚ್ಚರಿಕೆಯಾಗಿ ಪ್ರಕಟವಾಯಿತು.

ಅಮೆರಿಕದ ಸೇನೆ ಸುಮ್ಮನಿರಲಿಲ್ಲ. ಬರ್ಚೆಟ್ ಜಪಾನೀಯರ ಅಪಪ್ರಚಾರಕ್ಕೆ ಬಲಿಯಾಗಿದ್ದಾರೆ ಎಂದು ಸೇನಾಧಿಕಾರಿಗಳು ಹೇಳಿದರು. ಅದೇ ಸೆಪ್ಟೆಂಬರ್ 12ರಂದು ನ್ಯೂಯಾರ್ಕ್ ಟೈಮ್ಸ್‌ನ ವಿಜ್ಞಾನ ವರದಿಗಾರ ವಿಲಿಯಂ ಲಾರೆನ್ಸ್, ವಿಕಿರಣದಿಂದ ಜನ ಸಾಯುತ್ತಿದ್ದಾರೆಂಬ ಮಾತನ್ನು ಅಲ್ಲಗಳೆಯುವ ವರದಿಯನ್ನು ಮುಖಪುಟದಲ್ಲಿ ಬರೆದರು. ಈ ಲಾರೆನ್ಸ್ ಪತ್ರಿಕೆಯ ನೌಕರಿಯಲ್ಲಿದ್ದುಕೊಂಡೇ ಅಮೆರಿಕದ ಯುದ್ಧ ಇಲಾಖೆಗೂ ದುಡಿಯುತ್ತಿದ್ದವರು. 1946ರಲ್ಲಿ ಅಣುಬಾಂಬ್ ಕುರಿತ ಬರಹಗಳಿಗೆ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ನಾಗಸಾಕಿಗೆ ಹೀಗೆಯೇ ನುಗ್ಗಿದ್ದ ಜಾರ್ಜ್ ವೆಲ್ಲರ್ ಎಂಬ ಅಮೆರಿಕನ್ ಪತ್ರಕರ್ತರ ವರದಿಗಳನ್ನು ಸೇನಾ ಸೆನ್ಸಾರ್ ತಡೆಹಿಡಿಯಿತು. ಅವು ಬೆಳಕು ಕಂಡದ್ದು 2005ರಲ್ಲಿ, ಅರುವತ್ತು ವರ್ಷಗಳ ನಂತರ. ಸುಳ್ಳಿಗೆ ಪ್ರಶಸ್ತಿ, ಸತ್ಯಕ್ಕೆ ಬೀಗ! ಕಾಲ ಮಾತ್ರ ಬರ್ಚೆಟ್ ಅವರ ಪರವಾಗಿಯೇ ಸಾಕ್ಷಿ ನುಡಿಯಿತು.

ಸಹೋದರರೇ, ಕಥೆ ಇಲ್ಲಿಗೇ ಮುಗಿದಿದ್ದರೆ ಅವರ ಭಾವಚಿತ್ರಕ್ಕೊಂದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದಿತ್ತು. ಆದರೆ ಕಥೆ ಮುಂದುವರಿಯುತ್ತದೆ.

1949ರಲ್ಲಿ ಹಂಗೇರಿಯ ಕಮ್ಯುನಿಸ್ಟ್ ಸರಕಾರ ತನ್ನದೇ ಮಾಜಿ ಸಚಿವ ಲಾಸ್ಲೋ ರಾಯ್ಕ್ ಅವರನ್ನು ಗೂಢಚಾರನೆಂದು ವಿಚಾರಣೆಗೆ ಒಳಪಡಿಸಿ ಗಲ್ಲಿಗೇರಿಸಿತು. ನ್ಯಾಯಾಲಯದಲ್ಲಿ ಕುಳಿತಿದ್ದ ಬರ್ಚೆಟ್ ಆ ತಪ್ಪೊಪ್ಪಿಗೆಯನ್ನು ನಂಬಿ ಬರೆದರು. 1956ರಲ್ಲಿ ಅದೇ ಆಡಳಿತ ರಾಯ್ಕ್ ನಿರಪರಾಧಿಯೆಂದು ಒಪ್ಪಿ, ಅವರ ಶವಕ್ಕೆ ಮರ್ಯಾದೆಯ ಅಂತ್ಯಸಂಸ್ಕಾರ ಮಾಡಿತು.

1951ರಲ್ಲಿ ಅವರು ಚೀನಾ ಮತ್ತು ಉತ್ತರ ಕೊರಿಯಾದ ಕಡೆಯಿಂದ ಕೊರಿಯಾ ಯುದ್ಧವನ್ನು ವರದಿ ಮಾಡಲು ಹೋದರು. ಕದನ ವಿರಾಮದ ಮಾತುಕತೆಯಲ್ಲಿ ನಿಜಕ್ಕೂ ಏನು ನಡೆಯುತ್ತಿದೆಯೆಂಬುದನ್ನು ಅಮೆರಿಕದ ಅಧಿಕಾರಿಗಳು ಮುಚ್ಚಿಟ್ಟಾಗ, ಪಾಶ್ಚಾತ್ಯ ಪತ್ರಕರ್ತರೇ ಬರ್ಚೆಟ್ ಅವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಸೆರೆಯಾಗಿದ್ದ ಅಮೆರಿಕದ ಜನರಲ್ ವಿಲಿಯಂ ಡೀನ್ ಅವರನ್ನು ಸಂದರ್ಶಿಸಿ, ಅವರು ಜೀವಂತವಾಗಿದ್ದಾರೆಂಬ ಸುದ್ದಿಯನ್ನು ಜಗತ್ತಿಗೆ ತಲುಪಿಸಿದರು. ಡೀನ್ ತಮ್ಮ ಆತ್ಮಕಥನದಲ್ಲಿ ಬರ್ಚೆಟ್ ಅವರನ್ನು ಸ್ನೇಹಿತನೆಂದೇ ಕರೆದಿದ್ದಾರೆ. ಆದರೆ ಅದೇ ಬರ್ಚೆಟ್ ಯುದ್ಧ ಕೈದಿಗಳ ಶಿಬಿರವೊಂದನ್ನು ಸ್ವಿಟ್ಜರ್ಲೆಂಡಿನ ವಿಹಾರಧಾಮಕ್ಕೆ ಹೋಲಿಸಿ ಬರೆದರು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಅಂತಹ ಶಿಬಿರಗಳಲ್ಲಿ ಹಸಿವು, ಚಳಿ, ರೋಗಗಳಿಂದ ಕೈದಿಗಳು ಸಾವಿರಗಟ್ಟಲೆ ಸತ್ತಿದ್ದರು. ಅಮೆರಿಕ ರೋಗಾಣು ಯುದ್ಧ ನಡೆಸುತ್ತಿದೆಯೆಂಬ ಆರೋಪವನ್ನೂ ಅವರು ಜಗತ್ತಿನೆಲ್ಲೆಡೆ ಸಾರಿದರು. 1998ರಲ್ಲಿ ಪ್ರಕಟವಾದ ಸೋವಿಯತ್ ದಾಖಲೆಗಳು ಆ ಆರೋಪ ಕಟ್ಟುಕತೆಯೆಂದು ಹೇಳುತ್ತವೆ. ಈ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ.

ವ್ಯತ್ಯಾಸವನ್ನು ಗಮನಿಸಿ. ಹಿರೋಶಿಮಾದಲ್ಲಿ ಅವರನ್ನು ಯಾವ ಸೇನೆಯೂ ಕರೆದೊಯ್ದಿರಲಿಲ್ಲ. ಸೈನ್ಯ ಬೇಡವೆಂದ ಬಾಗಿಲನ್ನು ಅವರೇ ತಟ್ಟಿದ್ದರು. ಕೊರಿಯಾದಲ್ಲಿ ಆತಿಥೇಯರು ತೆರೆದ ಬಾಗಿಲಿನಿಂದ ಮಾತ್ರ ಒಳಹೊಕ್ಕರು. ಕಣ್ಣು ಅದೇ ಆಗಿತ್ತು, ನಿಂತ ನೆಲ ಬದಲಾಗಿತ್ತು. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ಸೇನಾ ತುಕಡಿಗಳ ಜೊತೆಯಲ್ಲೇ ಸಾಗಿದ ನೂರಾರು ಪತ್ರಕರ್ತರನ್ನು ನಾವು ಟೀಕಿಸಿದೆವು, ಅದು ಸರಿಯೇ. ಸೇನೆಯ ವಾಹನದಲ್ಲಿ ಕುಳಿತವನಿಗೆ ಗುಂಡು ಹಾರಿಸುವವನು ಕಾಣುತ್ತಾನೆ, ಗುಂಡು ತಗುಲಿದ ಮನೆ ಕಾಣುವುದಿಲ್ಲ. ಆದರೆ ಎದುರು ಪಕ್ಷದ ವಾಹನ ಹತ್ತಿದವನಿಗೂ ಅದೇ ಅಳತೆಗೋಲು ಬೇಡವೇ?

ಅನ್ನದ ಪ್ರಶ್ನೆಯೂ ಇದೆ. ದೊಡ್ಡ ಪತ್ರಿಕೆಗಳ ಬಾಗಿಲು ಮುಚ್ಚಿದ ಮೇಲೆ ಬರ್ಚೆಟ್ ಸ್ವತಂತ್ರ ಪತ್ರಕರ್ತರಾಗಿ ಫ್ರಾನ್ಸಿನ ಲ್ಯುಮಾನಿತೆ, ನ್ಯೂಯಾರ್ಕಿನ ನ್ಯಾಷನಲ್ ಗಾರ್ಡಿಯನ್‌ಗಳಂತಹ ಎಡಪಂಥೀಯ ಪತ್ರಿಕೆಗಳಿಗೆ ಬರೆದು ಬದುಕಿದರು. ಸಂಬಳವಿಲ್ಲದವನ ಸ್ವಾತಂತ್ರ್ಯ ದುಬಾರಿಯಾದುದು. 1957ರಲ್ಲಿ ಅವರು ಮಾಸ್ಕೋಗೆ ಬಂದಾಗ ಅವರಿಗೆ ಹಣದ ನೆರವು ನೀಡುವ ಕುರಿತ ಸೋವಿಯತ್ ದಾಖಲೆಗಳು ನಂತರ ಹೊರಬಿದ್ದಿವೆ. ಅವರು ಬರೆದುದೆಲ್ಲ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಉಣಿಸುವ ಕೈಯನ್ನು ಪ್ರಶ್ನಿಸುವುದು ಸುಲಭವಲ್ಲವೆಂಬುದು ಎಲ್ಲ ಪತ್ರಕರ್ತರಿಗೂ ತಿಳಿದಿರುವ ವಿಷಯ. ಲಾರೆನ್ಸ್ ಅವರಿಗೆ ಯುದ್ಧ ಇಲಾಖೆ, ಬರ್ಚೆಟ್ ಅವರಿಗೆ ಮಾಸ್ಕೋ. ಒಬ್ಬರನ್ನು ಖಂಡಿಸಿ ಇನ್ನೊಬ್ಬರನ್ನು ಕ್ಷಮಿಸುವುದು ನ್ಯಾಯವಲ್ಲ.

ಅವರ ಸರಕಾರ ಅವರೊಂದಿಗೆ ನಡೆದುಕೊಂಡ ರೀತಿಯಂತೂ ನಾಚಿಕೆಗೇಡಿನದು. 1955ರಲ್ಲಿ ಅವರ ಪಾಸ್‌ಪೋರ್ಟ್ ಕಳೆದುಹೋದಾಗ ಆಸ್ಟ್ರೇಲಿಯಾ ಹೊಸದನ್ನು ಕೊಡಲು ನಿರಾಕರಿಸಿತು. ಯಾವ ಮೊಕದ್ದಮೆಯೂ ಇಲ್ಲ, ಯಾವ ಆರೋಪಪಟ್ಟಿಯೂ ಇಲ್ಲ. ತಂದೆ ತೀರಿಕೊಂಡಾಗಲೂ ಊರಿಗೆ ಬರಲು ಬಿಡಲಿಲ್ಲ. 1970ರಲ್ಲಿ ಅವರು ಸಣ್ಣ ವಿಮಾನವೊಂದರಲ್ಲಿ ಬ್ರಿಸ್ಬೇನ್‌ಗೆ ಬಂದಿಳಿದರು. ಪಾಸ್‌ಪೋರ್ಟ್ ಮರಳಿ ಸಿಕ್ಕಿದ್ದು 1972ರಲ್ಲಿ, ವಿಟ್ಲಮ್ ಸರಕಾರ ಬಂದ ಮೇಲೆ. ಅಂದರೆ ಹದಿನೇಳು ವರ್ಷಗಳ ನಂತರ. 1974ರ ಮಾನನಷ್ಟ ಮೊಕದ್ದಮೆಯಲ್ಲಿ, ಅವರ ಮೇಲೆ ಬರೆದ ಲೇಖನ ಮಾನಹಾನಿಕರವೆಂದು ಜ್ಯೂರಿ ಒಪ್ಪಿತು. ಆದರೆ ಅದು ಸಂಸತ್ತಿನಲ್ಲಿ ಆಡಿದ ಮಾತಿನ ವರದಿಯೆಂಬ ರಕ್ಷಣೆ ಎದುರಾಳಿಗೆ ಸಿಕ್ಕಿ, ಖರ್ಚಿನ ಹೊರೆ ಬರ್ಚೆಟ್ ಅವರ ಹೆಗಲೇರಿತು. ವರದಿ ಸುಳ್ಳಾಗಿದ್ದರೆ ಪುರಾವೆಯಿಂದ ಖಂಡಿಸಬೇಕು. ಪಾಸ್‌ಪೋರ್ಟ್ ಕಸಿಯುವುದು ಖಂಡನೆಯಲ್ಲ, ಶಿಕ್ಷೆ.

ವಿಯೆಟ್ನಾಂ ಯುದ್ಧದಲ್ಲಿ ಅವರು ಮತ್ತೆ ತಮ್ಮ ಕಾಲುಗಳನ್ನೇ ನಂಬಿದರು. 1963-64ರಲ್ಲಿ, ಐವತ್ತು ದಾಟಿದ ಪ್ರಾಯದಲ್ಲಿ, ಗೆರಿಲ್ಲಾಗಳೊಂದಿಗೆ ಕಾಡು, ಸುರಂಗಗಳಲ್ಲಿ ತಿಂಗಳುಗಟ್ಟಲೆ ಅಲೆದರು. ಆಗಲೂ ಅವರು ಒಂದು ಪಕ್ಷದ ಅತಿಥಿಯೇ. ಆದರೆ ಆ ಹಳ್ಳಿಗರ ಬೆಂಬಲವಿರುವ ಪಡೆಯನ್ನು ಸೋಲಿಸುವುದು ಸುಲಭವಲ್ಲವೆಂದು ಅವರು ಕಂಡದ್ದು ನಿಜವಾಯಿತು. 1971ರಲ್ಲಿ ಅಮೆರಿಕದ ಹೆನ್ರಿ ಕಿಸಿಂಜರ್ ಅವರೇ ಶ್ವೇತಭವನಕ್ಕೆ ಉಪಾಹಾರಕ್ಕೆ ಕರೆದು ಅವರೊಂದಿಗೆ ಮಾತನಾಡಿದರು!

ಮುಂದೆ ಕಾಂಬೋಡಿಯಾದಲ್ಲಿ ಮತ್ತೆ ಎಡವಿದರು. 1975ರಲ್ಲಿ ಅಧಿಕಾರಕ್ಕೆ ಬಂದ ಖಮೇರ್ ರೂಜ್ ಆಡಳಿತವನ್ನು ಮೊದಲು ಹೊಗಳಿದರು. ಗಡಿ ದಾಟಿ ಬಂದ ನಿರಾಶ್ರಿತರ ಬಾಯಿಂದ ಕೇಳಿ, ಆ ನೆಲಕ್ಕೆ ಹೋಗಿ ಕಂಡ ಮೇಲೆ ಅದೇ ಆಡಳಿತವನ್ನು ಕಟುವಾಗಿ ಖಂಡಿಸಿದರು. ಇದೇ ಭಿನ್ನಾಭಿಪ್ರಾಯದಿಂದ, ಎರಡು ದಶಕ ಕಾಲ ಬರೆದಿದ್ದ ನ್ಯೂಯಾರ್ಕಿನ ಪತ್ರಿಕೆಯ ಸಂಬಂಧವನ್ನೂ ಕಡಿದುಕೊಂಡರು. 1983ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಿಧನರಾದರು.

ಬರ್ಚೆಟ್ ನಾಯಕರೋ ದ್ರೋಹಿಯೋ ಎಂದು ಕೇಳಿದರೆ ನಾನು ಉತ್ತರಿಸಲಾರೆ. ಆ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಿರೋಶಿಮಾದ ವರದಿ ಸತ್ಯ, ಕೈದಿಗಳ ಶಿಬಿರದ ವರದಿ ಅಸತ್ಯ. ಎರಡನ್ನೂ ಬರೆದ ಕೈ ಒಂದೇ. ಆದ್ದರಿಂದ ವ್ಯಕ್ತಿಯನ್ನಲ್ಲ, ಒಂದೊಂದು ವರದಿಯನ್ನೂ ಬೇರೆಬೇರೆಯಾಗಿ ತೂಗಬೇಕು. ಕಣ್ಣಾರೆ ಕಂಡನೋ ಕೇಳಿ ಬರೆದನೋ? ಅಲ್ಲಿಗೆ ಕರೆದೊಯ್ದವರು ಯಾರು? ಕಾವಲುಗಾರನಿಲ್ಲದೆ ಸಂತ್ರಸ್ತರೊಡನೆ ಮಾತನಾಡಿದನೇ? ತಪ್ಪೆಂದು ತಿಳಿದಾಗ ತಿದ್ದಿಕೊಂಡನೇ?

ಈ ಪ್ರಶ್ನೆಗಳನ್ನು ನಮ್ಮ ವಿರುದ್ಧ ಬರೆದವರಿಗೆ ಕೇಳುವುದು ಸುಲಭ. ನಮ್ಮ ಪರವಾಗಿ ಬರೆದವರಿಗೂ ಕೇಳುವ ಧೈರ್ಯ ನಮ್ಮಲ್ಲಿದೆಯೇ? ಇಂದು ಮೊಬೈಲಿಗೆ ಬಂದ ದೃಶ್ಯವನ್ನು ಹತ್ತು ಮಂದಿಗೆ ಕಳುಹಿಸುವ ನಾವೆಲ್ಲರೂ ಒಂದರ್ಥದಲ್ಲಿ ವರದಿಗಾರರೇ. ಬರ್ಚೆಟ್ ಅವರಾದರೂ ಅಲ್ಲಿಗೆ ಹೋಗಿದ್ದರು. ನಾವು ಕುಳಿತಲ್ಲಿಂದ ಏಳದೆಯೇ ಸಾಕ್ಷಿ ನುಡಿಯುತ್ತಿದ್ದೇವೆ. ಇಂದು ರಾತ್ರಿ ಮನೆಗೆ ಮರಳಿ ಟಿ.ವಿ. ಹಾಕುವಾಗ ಇದನ್ನೊಮ್ಮೆ ಮಕ್ಕಳೊಂದಿಗೆ ಚರ್ಚಿಸಿರೆಂದು ವಿನಂತಿಸುತ್ತಾ ನನ್ನ ಮಾತು ಮುಗಿಸುತ್ತೇನೆ.